ಅರ್ಧ ನೀರು

ಜನವರಿ ೪, ಸೋಮವಾರ

ಜೂನೆಲ್ ಅಕ್ಕನಿಗೆ ನನ್ನ ಬಾಯಿ ಸಾಕಾಗಿದೆಯಂತೆ. "ಲೋ ಆರ್ವಿಲ್, ಬೈಯೋದಿದ್ರೆ ಇನ್ಮೇಲೆ ಕಾಗದದ ಮೇಲೆ ಬೈಕೋ. ನನ್ನ ಕಿವೀಲಿ ಜಾಗ ಇಲ್ಲ" ಎಂದು, ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿಯನ್ನು ಊಟದ ಮೇಜಿನ ಮೇಲೆ ಕುಕ್ಕಿ ಹೋದಳು. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಪ್ಪಿದ್ದರೆ ಇರಲಿ, ಓದುವವರು ಯಾರು?

ಇವತ್ತಿನ ಬೈಗುಳ ಟೀವಿಯವನಿಗೆ. ನಗುನಗುತ್ತಾ ಹೇಳುತ್ತಾನೆ, ಜಾರ್ಜಿಯಾ ದಾಟಿ ಬಡಗಣ ಗಾಳಿ ಇಳಿಯುತ್ತಿದೆ, ವಾರವಿಡೀ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಸ್ವೆಟರ್ ಹುಡುಕಿಟ್ಟುಕೊಳ್ಳಿ ಎಂದು. ಸ್ವೆಟರಂತೆ! ನನ್ನ ಸ್ಟ್ರಾಬೆರಿ ಗಿಡಕ್ಕೆ ಯಾವ ಅಂಗಡಿಯಲ್ಲಿ ಸ್ವೆಟರ್ ಸಿಗುತ್ತದೆ ಎಂದು ಮಾತ್ರ ಹೇಳಲಿಲ್ಲ, ಕತ್ತೆ. ಹೊಲದ ತುಂಬ ಹೂವು, ಹೂವಿನಡಿ ಕಾಯಿ, ಕಾಯಿಯ ಪಕ್ಕ ಹಣ್ಣು. ದೇಶವೆಲ್ಲ ಹಿಮದಡಿ ಇರುವಾಗ ಫ್ಲಾರಿಡಾದ ನಮ್ಮಲ್ಲಿ ಮಾತ್ರ ಹಣ್ಣು. ನಾವು ಬದುಕುವುದೇ ಅದರಿಂದ. ಇದು ಹೋದರೆ ಈ ವರ್ಷ ಹೋಯಿತು. ನನ್ನ ವಯಸ್ಸಿನವನಿಗೆ ಒಂದು ವರ್ಷ ಹೋಗುವುದು ಸಣ್ಣ ಮಾತಲ್ಲ.

ಮೇಸ್ತ್ರಿ ಎಫ್ರೇನ್ ಡೀಸೆಲ್ ಪಂಪು ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿದ. ಅವನಿಗೆ ಬೈಯಲು ನನಗೆ ಏನೂ ಸಿಗಲಿಲ್ಲ.

ಜನವರಿ ೫, ಮಂಗಳವಾರ

ರಾತ್ರಿಯೆಲ್ಲ ಸ್ಪ್ರಿಂಕ್ಲರಿನಿಂದ ಗಿಡಗಳ ಮೇಲೆ ನೀರು ಬಿಟ್ಟೆವು. ಬೆಳಿಗ್ಗೆ ಹೊಲವೆಲ್ಲ ಗಾಜು. ಒಂದೊಂದು ಹಣ್ಣೂ ಮಂಜುಗಡ್ಡೆಯೊಳಗೆ ಕೆಂಪಗೆ ಕೂತಿತ್ತು. ರಸ್ತೆಯಲ್ಲಿ ಕಾರು ನಿಲ್ಲಿಸಿ ಯಾರೋ ಫೋಟೋ ತೆಗೆಯುತ್ತಿದ್ದರು. "ಅಯ್ಯೋ ಪಾಪ, ಬೆಳೆಯೆಲ್ಲ ಹಾಳಾಯ್ತಲ್ಲಾ" ಎಂದಳು ಅದರಲ್ಲೊಬ್ಬಳು. ಹೋಗಮ್ಮ ತಾಯಿ, ಉಳಿದಿದ್ದೇ ಅದರಿಂದ. ನೀರು ಗಡ್ಡೆಯಾಗುವಾಗ ಒಂದಿಷ್ಟು ಬಿಸಿ ಬಿಡುತ್ತದೆ, ಆ ಬಿಸಿಯಲ್ಲಿ ಹೂವು ಬದುಕುತ್ತದೆ. ಆದರೆ ಒಂದು ನಿಯಮ. ಒಮ್ಮೆ ಬಿಟ್ಟ ನೀರನ್ನು ಬಿಸಿಲೇರಿ ಗಡ್ಡೆ ತಾನಾಗಿ ಕಳಚುವ ತನಕ ನಿಲ್ಲಿಸಬಾರದು. ನಡುವೆ ನಿಲ್ಲಿಸಿದೆಯೋ, ಕಾಪಾಡುತ್ತಿದ್ದ ಗಡ್ಡೆಯೇ ಗಿಡದ ಬಿಸಿ ಹೀರಿ ಕೊಲ್ಲುತ್ತದೆ. ಇದನ್ನು ನನಗೆ ಅಪ್ಪ ಹೇಳಿಕೊಟ್ಟಿದ್ದು ಬೆನ್ನಿಗೆ ಎರಡು ಬಾರಿಸಿ.

ಜನವರಿ ೭, ಗುರುವಾರ

ರೈಲು ಹಳಿಯ ಪಕ್ಕದಲ್ಲಿ ಚಕ್ರದ ಮೇಲಿನ ಟ್ರೈಲರ್ ಮನೆಯಿದೆಯಲ್ಲ, ಅದರವಳು ಬಂದಿದ್ದಳು, ಮೋಸ್ಲಿ ಎಂದು ಹೆಸರು. ನಮ್ಮ ಬಡಗಣ ಬೇಲಿಗೆ ತಾಗಿದ ಜಾಗ ಅವಳದು. ನಾಲ್ಕು ಆಡು, ಹಾಸಿಗೆ ಹಿಡಿದ ಒಬ್ಬಳು ತಾಯಿ. ಬಾಗಿಲು ಬಡಿದ ಬಡಿತಕ್ಕೇ ಗೊತ್ತಾಯಿತು, ಸಕ್ಕರೆ ಕೇಳಲು ಬಂದವಳಲ್ಲ ಎಂದು.

"ಮಿಸ್ಟರ್ ಟಿಂಡಲ್, ನಮ್ಮ ನಲ್ಲೀಲಿ ನಿನ್ನೆಯಿಂದ ಗಾಳಿ ಬರ್ತಿದೆ. ಬರೀ ಗಾಳಿ."

"ನಲ್ಲಿ ರಿಪೇರಿಯವನ ಮನೆ ಆ ಕಡೆ."

"ನಲ್ಲಿ ಸರಿಯಾಗೇ ಇದೆ. ನಿಮ್ಮ ಪಂಪು ರಾತ್ರಿಯೆಲ್ಲ ಎಳೆದ್ರೆ ನಮ್ಮ ಬೋರಿಗೆ ಎಲ್ಲಿಂದ ಬರತ್ತೆ? ನಾವು ಕುಡಿಯೋ ನೀರಲ್ಲಿ ನೀವು ಐಸು ಮಾಡ್ತಾ ಕೂತಿದೀರ."

"ನಿನ್ನ ಬೋರು ಮೊಳಕಾಲುದ್ದ ಇದೆಯಮ್ಮ. ಆಳಕ್ಕೆ ತೆಗೆಸಿಕೋ. ನೆಲದಡಿ ನೀರಿನ ಮೇಲೆ ನಿನ್ನ ಹೆಸರು ಬರೆದಿದೆಯೇನು?"

"ನಿಮ್ಮದು ಬರೆದಿದೆಯಾ?"

ಬಾಗಿಲು ಹಾಕಿದೆ. ಅಕ್ಕ ಅಡುಗೆಮನೆಯಿಂದಲೇ, "ಭೇಷ್. ಅಪ್ಪನ ಬಾಯಿ ಸತ್ತಿಲ್ಲ, ಇಲ್ಲೇ ಇದೆ" ಎಂದಳು. ನಾನೇನು ಕಾನೂನು ಮುರಿದಿದ್ದೇನೆಯೇ? ಪಂಪಿಗೆ ಪರ್ಮಿಟ್ಟು ಇದೆ, ಗೋಡೆಗೆ ಅಂಟಿಸಿದೆ. ಬೇಕಿದ್ದರೆ ಬಂದು ಓದಿಕೊಳ್ಳಲಿ. ರಾತ್ರಿಯಿಡೀ ಎದ್ದಿರುವವನು ನಾನು. ಮೈಯೆಲ್ಲ ನೆನೆದು ಕೈಬೆರಳು ಮಡಚಲು ಬರದವನು ನಾನು. ಅವಳಿಗೆ ನಲ್ಲಿಯಲ್ಲಿ ಗಾಳಿಯಂತೆ.

ಜನವರಿ ೮, ಶುಕ್ರವಾರ

ಅಕ್ಕ ನನಗೆ ಹೇಳದೆ ಹಾಲಿನ ಖಾಲಿ ಕ್ಯಾನುಗಳಲ್ಲಿ ನೀರು ತುಂಬಿ ಟ್ರೈಲರಿನವಳಿಗೆ ಕೊಟ್ಟು ಬಂದಿದ್ದಾಳೆ. ಸಿಕ್ಕಿಬಿದ್ದಳು. ಕೂಗಾಡಿದೆ.

"ನಿನಗಿಂತ ಆರು ವರ್ಷ ದೊಡ್ಡವಳು ಕಣೋ ನಾನು. ನಿನ್ನ ಚಡ್ಡಿ ಒಗೆದವಳು. ಕೂಗು, ಇನ್ನೂ ಜೋರಾಗಿ ಕೂಗು. ನಾಳೆ ಇನ್ನೆರಡು ಕ್ಯಾನು ಹೆಚ್ಚು ಒಯ್ತೀನಿ."

ಅವಳ ಸೊಂಟಕ್ಕೆ ಅಷ್ಟು ಭಾರ ಎತ್ತುವುದು ಆಗದು. ಹೇಳಿದರೆ ಕೇಳುವವಳಲ್ಲ.

ಟೀವಿಯವನು ಇವತ್ತು ನಗಲಿಲ್ಲ. ಮಳೆ ಬಿದ್ದು ತಿಂಗಳಾಗಿದೆ, ಚಳಿಗೆ ಹುಲ್ಲೆಲ್ಲ ಸತ್ತು ಒಣಗಿದೆ, ಅದರ ಮೇಲೆ ಈ ಗಾಳಿ, ಯಾರೂ ಬೆಂಕಿ ಹಚ್ಚಬೇಡಿ ಎಂದ. ನಿಜ. ಬೇಲಿಯಾಚೆ ಹುಲ್ಲುಗಾವಲು ವಾರದಲ್ಲಿ ಹಸಿರಿನಿಂದ ಒಣಗಿದ ಜೋಳದ ಸಿಪ್ಪೆಯ ಬಣ್ಣಕ್ಕೆ ತಿರುಗಿದೆ. ಕಾಲಿಟ್ಟರೆ ಪುಡಿಪುಡಿ. ಇತ್ತ ಬೇಲಿಯೊಳಗೆ ನನ್ನದು ಗಾಜಿನ ಹೊಲ.

ಜನವರಿ ೯, ಶನಿವಾರ

ಟ್ರಕ್ಕಿನ ಮೇಲೆ ಗಿಡದ ಔಷಧಿ ಇನ್ನೂ ತುಂಬದ ಹೊಸ ಟ್ಯಾಂಕಿತ್ತು. ನೀರು ತುಂಬಿಸಿ ಮೋಸ್ಲಿ ಹೆಂಗಸಿನ ಮನೆ ಹತ್ತಿರ ಇಳಿಸಿ ಬಂದೆ. ಆಡುಗಳು ಬೆಳಗಿನಿಂದ ಬಡಕೊಳ್ಳುತ್ತಿದ್ದವು, ಹಗಲು ಎರಡು ಗಳಿಗೆ ಕಣ್ಣು ಮುಚ್ಚೋಣವೆಂದರೆ ಬಿಡುತ್ತಿರಲಿಲ್ಲ. ಅದಕ್ಕೆ. ಬಡಗಣ ಬೇಲಿಯನ್ನೂ ನೋಡುವುದಿತ್ತು.

ಅವಳು ಥ್ಯಾಂಕ್ಸ್ ಹೇಳಲಿಲ್ಲ. "ಒಳಗೆ ಬಂದು ಅಮ್ಮನನ್ನ ಮಾತಾಡ್ಸಿ. ಯಾರು ಬಂದ್ರು ಅಂತ ಕೇಳ್ತಿದಾಳೆ" ಎಂದಳು. ಹೋದೆ. ಹಾಸಿಗೆ ಹಿಡಿದ ಈ ತಾಯಿ ಎಂದರೆ ಹಿಂದೆ ಹಣ್ಣಿನ ಶೆಡ್ಡಿನಲ್ಲಿ ಬುಟ್ಟಿ ತೂಗುತ್ತಿದ್ದ ಓಲೀನಾ ಎಂದು ನನಗೇನು ಗೊತ್ತು! ಆಗ ನಮಗೆ ಚಳಿಗಾಲದಲ್ಲಿ ಶಾಲೆಗೆ ರಜೆ, ಮಕ್ಕಳೆಲ್ಲ ಹಣ್ಣು ಕೀಳಲಿ ಎಂದು. ಸಾಲಿನಲ್ಲಿ ನಿಂತ ನಮ್ಮ ಬುಟ್ಟಿಯೊಳಗೆ ಕೈಹಾಕಿ ಕಸ ಹುಡುಕುತ್ತಿದ್ದ ಓಲೀನಾ. ಈಗ ಕಂಬಳಿಯಡಿ ಒಂದು ಹಿಡಿ ಇದ್ದಾಳೆ. ಕಣ್ಣು ಮಾತ್ರ ಹಾಗೇ.

"ಟಿಂಡಲನ ಮಗ ಅಲ್ವೇನೋ? ಅದೇ ಮೂಗು. ಮೂಗು ಮೊದಲು ಬರೋದು, ಹಿಂದಿಂದ ಆಳು."

"ಹೌದು ಕಣಮ್ಮ."

"ಹಣ್ಣು ಹೇಗಿದೆ?"

"ಐಸಿನೊಳಗಿದೆ."

"ಬರೋವಾಗ ನಾಲ್ಕು ತರಬಾರದಿತ್ತೇನೋ, ಜಿಪುಣ? ನಿಮ್ಮಪ್ಪನೂ ಹೀಗೇ ಬರಿಗೈಲೇ ಬರೋನು."

ಮಗಳು ಮುಖ ತಿರುಗಿಸಿ ನಕ್ಕಳು ಎಂದು ಕಾಣುತ್ತದೆ. ಮನೆಯೊಳಗೆ ಸೀಮೆಎಣ್ಣೆ ಹೀಟರಿನ ವಾಸನೆ. ಪಾತ್ರೆಗಳೆಲ್ಲ ತೊಳೆಯದೆ ಬಿದ್ದಿದ್ದವು. ನೀರಿಲ್ಲದೆ ಹೇಗೆ ತೊಳೆಯುತ್ತಾರೆ.

ಜನವರಿ ೧೦, ಭಾನುವಾರ

ಬೆಳಿಗ್ಗೆ ಗಡ್ಡೆ ಕಳಚಿದ ಮೇಲೆ ಒಂದು ಬುಟ್ಟಿ ಹಣ್ಣು ಕಿತ್ತು ಅಲ್ಲಿಗೆ ಕೊಟ್ಟು ಬಂದೆ. ಹೇಗಿದ್ದರೂ ಮಾರುಕಟ್ಟೆಗೆ ಹೋಗುವ ಹಣ್ಣಲ್ಲ, ಬದಿ ಸ್ವಲ್ಪ ಮೆತ್ತಗಾಗಿತ್ತು. ಮುದುಕಿ ಒಂದನ್ನು ತಿಂದು, "ನೀರು ಜಾಸ್ತಿ, ಸಿಹಿ ಕಮ್ಮಿ" ಎಂದಳು. ಇನ್ನೊಂದಕ್ಕೆ ಬಾಯಿ ತೆರೆದಳು.

ಎಲ್ಲಕ್ಕಿಂತ ಕೆಟ್ಟದ್ದು ಇವತ್ತು ರಾತ್ರಿ ಬರುವುದಂತೆ. ಗಾಳಿ ಈಗಲೇ ಹುಚ್ಚು ಹಿಡಿದಿದೆ. ಎಫ್ರೇನ್ ಬಂದು ಟೋಪಿ ತೆಗೆದು ನಿಂತ. ಅವನು ಟೋಪಿ ತೆಗೆದರೆ ನನಗೆ ಹಿಡಿಸದ್ದು ಹೇಳುತ್ತಾನೆ ಎಂದೇ ಅರ್ಥ.

"ಯಜಮಾನ್ರೇ, ಈ ಗಾಳಿಗೆ ನೀರು ಗಿಡದ ಮೇಲೆ ಬೀಳಲ್ಲ, ರಸ್ತೆ ಮೇಲೆ ಬೀಳತ್ತೆ. ಇವತ್ತೊಂದಿನ ಬಿಡದೇ ಇದ್ರೆ?"

"ಬಿಡದೇ ಇದ್ರೆ ನಾಳೆ ಏನು ಕೀಳ್ತೀಯ, ನನ್ನ ತಲೆ ಕೂದಲಾ? ಅದೂ ಇಲ್ಲ."

ಟೋಪಿ ಹಾಕಿಕೊಂಡು ಹೋದ. ಸ್ಪ್ರಿಂಕ್ಲರು ಜೋರಾಗಿ ತಿರುಗಿಸಿದರೆ ನೀರು ಗಿಡದ ಮೇಲೇ ನಿಲ್ಲುತ್ತದೆ. ನಾನು ನಿಲ್ಲಿಸಿದ್ದೇನೆ, ಎಷ್ಟೋ ಸಲ.

ಜನವರಿ ೧೧, ಸೋಮವಾರ

ಇವತ್ತು ಬರೆಯುವುದಿಲ್ಲ.

ಜನವರಿ ೧೨, ಮಂಗಳವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಬಿಸಿಲೇರಿದರೂ ಗಡ್ಡೆ ಕಳಚಿರಲಿಲ್ಲ. ಗಾಳಿ ಅಷ್ಟು ತಣ್ಣಗಿತ್ತು. ಪಂಪು ಓಡುತ್ತಿತ್ತು. ಹಳಿಯಾಚೆ ಕರೆಂಟಿನ ತಂತಿ ಹರಿದು ಹುಲ್ಲುಗಾವಲಿನ ಮೇಲೆ ಬಿತ್ತು. ನಾನೇ ಕಂಡೆ, ಮೊದಲು ನೀಲಿ ಕಿಡಿ, ಆಮೇಲೆ ಹೊಗೆ, ಹೊಗೆಯಡಿ ಕೆಂಪು ಗೆರೆ. ಗೆರೆ ಓಡುತ್ತಿತ್ತು. ಕುದುರೆಯ ಮೇಲೆ ಹೋದರೂ ಹಿಡಿಯಲಾಗದ ಹಾಗೆ ಓಡುತ್ತಿತ್ತು. ನೇರ ಮೋಸ್ಲಿಯವರ ಮನೆಯ ಕಡೆಗೆ.

ಫೈರಿನವರ ಒಂದು ದೊಡ್ಡ ಟ್ಯಾಂಕರು, ಒಂದು ಸಣ್ಣದು ಬಂದವು. ತಂದಿದ್ದ ನೀರು ಹಳಿಯ ಹತ್ತಿರವೇ ಮುಗಿಯಿತು. ಕೆರೆ ಬತ್ತಿದೆ. ಊರೊಳಗಿನ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವರ ಕ್ಯಾಪ್ಟನ್, ಗಿಡ್ಡ ಹೆಂಗಸು, ನನ್ನ ಪಂಪಿನ ಹತ್ತಿರಕ್ಕೇ ಓಡಿ ಬಂದಳು.

"ಯಜಮಾನರು ನೀವೇನಾ? ಹೊಲದ ವಾಲ್ವೆಲ್ಲ ಮುಚ್ಚಿ. ಪೂರ್ತಿ ಪಂಪು ನಮ್ಮ ಪೈಪಿಗೆ ಕೊಡಿ. ಈಗಲೇ."

"ಗಡ್ಡೆ ಮೇಲಿದೆ. ಈಗ ನಿಲ್ಸಿದ್ರೆ ಗಿಡ ಎಲ್ಲ ಸಾಯತ್ತೆ."

"ಮನೆ ಉರಿಯೋದ್ರಲ್ಲಿದೆ ಸಾರ್!"

ಎಫ್ರೇನ್ ವಾಲ್ವಿನ ಚಕ್ರದ ಮೇಲೆ ಕೈಯಿಟ್ಟು ನನ್ನ ಮುಖ ನೋಡುತ್ತಿದ್ದ. ನಾನು ಹೊಲ ನೋಡಿದೆ. ಹೊಗೆ ನೋಡಿದೆ. "ಅರ್ಧ" ಎಂದೆ. "ಬಡಗಣ ಅರ್ಧ ಮುಚ್ಚು. ಅಷ್ಟು ಅವರಿಗೆ ಕೊಡು. ತೆಂಕಣದ್ದು ಓಡಲಿ."

ಟ್ಯಾಂಕರು ತುಂಬಿತು. ನಿಧಾನ ತುಂಬಿತು. ಒಂದು ಹೋಗಿ ಬರುವ ಹೊತ್ತಿಗೆ ಇನ್ನೊಂದು ತುಂಬಿ ತಯಾರಿರಬೇಕು, ಇರಲಿಲ್ಲ, ಅರ್ಧ ಪೈಪಿನಲ್ಲಿ ಅದು ಇನ್ನೂ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಆ ನಡುವಿನ ಹೊತ್ತಿನಲ್ಲಿ ಬೆಂಕಿ ಆಡಿನ ಕೊಟ್ಟಿಗೆ ಹಿಡಿದು, ಕೊಟ್ಟಿಗೆಯಿಂದ ಮನೆಗೆ ಹಾರಿತು. ಟ್ರೈಲರ್ ಮನೆ ಉರಿಯಲು ಎಷ್ಟು ಹೊತ್ತು ಬೇಕು. ಒಂದು ಸಿಗರೇಟು ಮುಗಿಯುವಷ್ಟೂ ಬೇಡ.

ಎಫ್ರೇನ್ ಯಾವಾಗ ಪಂಪಿನ ಹತ್ತಿರದಿಂದ ಹೋದನೋ ನನಗೆ ಗೊತ್ತಿಲ್ಲ. ಹೊಗೆಯೊಳಗಿಂದ ಮುದುಕಿಯನ್ನು ಕಂಬಳಿ ಸಮೇತ ಎತ್ತಿಕೊಂಡು ಬಂದ. ಹಿಂದೆ ಮಗಳು ವೈನೆಟಾ, ಕೈಯಲ್ಲಿ ಚಪ್ಪಲಿ. ಚಪ್ಪಲಿ ಯಾಕೆ ಹಿಡಿದಿದ್ದಳೋ. ಅಕ್ಕ ಪಿಕಪ್ಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಗೇರು ಹಾಕಲು ಬರದವಳು ಹೇಗೆ ಹೋದಳೋ.

ಆಡು ಮೂರು ಉಳಿದಿವೆ. ನಮ್ಮ ಶೆಡ್ಡಿನಲ್ಲಿ ಕಟ್ಟಿದೆ.

ಜನವರಿ ೧೩, ಬುಧವಾರ

ಬಡಗಣ ಅರ್ಧ ಸತ್ತಿದೆ. ಹೂವಿನ ನಡುವೆ ಕಪ್ಪು. ಮುಟ್ಟಿದರೆ ಲೋಳೆ. ತೆಂಕಣದ್ದು ಚೆನ್ನಾಗಿದೆ.

ಅರ್ಧ ಕೊಟ್ಟಿದ್ದೇನೆ. ಯಾರು ಕೊಡುತ್ತಾರೆ ಅರ್ಧ? ಬೆರಿ ಬೆಳೆಯುವವರನ್ನು ಸಾಲಾಗಿ ನಿಲ್ಲಿಸಿ ಕೇಳಿ, ಗಡ್ಡೆ ಮೇಲಿರುವಾಗ ಒಂದು ವಾಲ್ವಾದರೂ ಮುಚ್ಚುವವನು ಸಿಗುತ್ತಾನೆಯೇ ಎಂದು. ನಾನು ಅರ್ಧ ಹೊಲ ಕೊಂದೆ. ಪೂರ್ತಿ ಕೊಟ್ಟಿದ್ದರೂ ಆ ಗಾಳಿಗೆ ಮನೆ ಉಳಿಯುತ್ತಿರಲಿಲ್ಲ. ಕ್ಯಾಪ್ಟನ್‌ಗೆ ಕೇಳಿದೆ, ಪೂರ್ತಿ ಕೊಟ್ಟಿದ್ದರೆ ಉಳಿಯುತ್ತಿತ್ತೇ ಎಂದು. "ಹೇಳಕ್ಕಾಗಲ್ಲ" ಎಂದಳು. ಹೇಳಲಾಗದು ಎಂದರೆ ಇಲ್ಲ ಎಂದೇ ತಾನೆ.

ಅಕ್ಕ ಬೈಯಲಿಲ್ಲ. ತಟ್ಟೆಗೆ ಸೊಪ್ಪು, ಜೋಳದ ರೊಟ್ಟಿ ಹಾಕಿ, ತನ್ನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ತಿಂದಳು. ಬೈದಿದ್ದರೆ ಆಗುತ್ತಿತ್ತು.

ಜನವರಿ ೧೫, ಶುಕ್ರವಾರ

ಓಲೀನಾ ಹೋದಳು. ಹೊಗೆ ಎದೆಯೊಳಗೆ ಕೂತಿತ್ತಂತೆ.

ಜನವರಿ ೧೮, ಸೋಮವಾರ

ಮಣ್ಣು ಮಾಡಿದೆವು. ಚರ್ಚಿನಲ್ಲಿ ಜನ ತುಂಬಿದ್ದರು. ಅವಳು ತೂಗಿದ ಬುಟ್ಟಿಗಳ ಹಿಂದೆ ನಿಂತಿದ್ದ ಮಕ್ಕಳೆಲ್ಲ ಈಗ ಕೋಲೂರುವ ಮುದುಕರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಊಟದ ಹೊತ್ತಿಗೆ ಒಬ್ಬ ಬಂದು ಹೆಗಲು ತಟ್ಟಿ, "ಅರ್ಧ ಹೊಲ ಬಲಿ ಕೊಟ್ಟೆಯಂತೆ ಆರ್ವಿಲ್. ದೊಡ್ಡ ಮನಸ್ಸು ಕಣಯ್ಯ" ಎಂದ. ಬಾಯಿಗೆ ಬಂದದ್ದು ಬೈದುಬಿಟ್ಟೆ, ಚರ್ಚಿನೊಳಗೇ. ಅವನು ಹೆದರಿ ಹಿಂದೆ ಸರಿದ. ಅವನಿಗೆ ಯಾಕೆ ಬೈದೆ ಎಂದು ಈಗ ಯೋಚಿಸಿದರೂ ಹೊಳೆಯುತ್ತಿಲ್ಲ. ಒಳ್ಳೆಯ ಮಾತನ್ನೇ ಆಡಿದ್ದ.

ವೈನೆಟಾ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಾಳೆ. ಅಕ್ಕ ಕರೆದುಕೊಂಡು ಬಂದಳು, ನನ್ನನ್ನು ಕೇಳಲಿಲ್ಲ. ಬೆಳಿಗ್ಗೆ ಆಡಿನ ಹಾಲು ಕರೆದು ಅಡುಗೆಮನೆಯಲ್ಲಿಟ್ಟು ಹೋಗುತ್ತಾಳೆ. ನನ್ನ ಜೊತೆ ಮಾತಿಲ್ಲ. ನಾನೂ ಆಡಿಸಿಲ್ಲ. ಏನೆಂದು ಆಡಿಸುವುದು.

ಜನವರಿ ೧೯, ಮಂಗಳವಾರ

ಮತ್ತೆ ಗಾಳಿ, ಮತ್ತೆ ಚಳಿ, ಇವತ್ತೇ ರಾತ್ರಿ.

ಸುಟ್ಟ ಜಾಗದ ಹಿಂದೆ ಕರಿ ಜವುಗು ಮಣ್ಣಿದೆ, ಮುಟ್ಟಿದರೆ ಕಾಫಿ ಪುಡಿಯ ಹಾಗಿರುತ್ತದೆ. ಒಣಗಿದಾಗ ಆ ಮಣ್ಣಿಗೇ ಬೆಂಕಿ ಹಿಡಿಯುತ್ತದೆ. ಮೇಲೆ ಏನೂ ಕಾಣದು, ಒಳಗೊಳಗೇ ಬೇಯುತ್ತದೆ. ಮಧ್ಯಾಹ್ನ ನೋಡಿದೆ, ಅಲ್ಲಲ್ಲಿ ಬಿರುಕಿನಿಂದ ಹೊಗೆ ಏಳುತ್ತಿತ್ತು. ಕ್ಯಾಪ್ಟನ್ ಬಂದಿದ್ದಳು. ನೀರು ಕಟ್ಟಿ ನಿಲ್ಲಿಸಿ ಮಣ್ಣು ನೆನೆಸದಿದ್ದರೆ ಇವತ್ತಿನ ಗಾಳಿಗೆ ಮೇಲೆದ್ದು ಅದೇ ಬೀದಿಯ ಉಳಿದ ಮನೆಗಳಿಗೆ ಹೋಗಬಹುದು ಎಂದಳು. ಹಾಗೆಂದು ನನ್ನ ಮುಖ ನೋಡಲಿಲ್ಲ. ಕೇಳಲೂ ಇಲ್ಲ. ಟ್ಯಾಂಕರಿನಲ್ಲಿ ಆದಷ್ಟು ತರಿಸುತ್ತೇನೆ ಎಂದು ಹೊರಟಳು.

ಸಂಜೆ ಎಫ್ರೇನ್ ಬಂದ. ಟೋಪಿ ತಲೆಯ ಮೇಲೇ ಇತ್ತು.

"ತೆಂಕಣದ ವಾಲ್ವು ಎಷ್ಟು ಹೊತ್ತಿಗೆ ತೆಗೀಲಿ ಯಜಮಾನ್ರೇ?"

"ತೆಗೀಬೇಡ. ಪೈಪು ಬೇಲಿ ದಾಟಿಸು. ಜವುಗಿಗೆ ಹಾಕು."

"ಅರ್ಧಾನಾ?"

"ಕಿವೀಲಿ ಏನು ತುಂಬ್ಕೊಂಡಿದೀಯ? ಪೂರ್ತಿ. ಪಂಪಲ್ಲಿ ಇರೋದೆಲ್ಲ."

"ಉಳಿದಿರೋದು ತೆಂಕಣದ ಗಿಡ ಒಂದೇ ಯಜಮಾನ್ರೇ. ಬೆಳಿಗ್ಗೆ ಹೊತ್ತಿಗೆ ಅದೂ ಇರಲ್ಲ."

"ಗೊತ್ತು."

ಅವನು ಹುಡುಗರನ್ನು ಕರೆಯಲು ಹೋದ. ಫೈರಿನವರು ಬಿಟ್ಟುಹೋದ ಪೈಪು ಹೇಗಿದ್ದರೂ ಅರ್ಧ ದಾರಿ ಅತ್ತ ಬಿದ್ದಿತ್ತು. ಅದನ್ನೆಲ್ಲ ಮತ್ತೆ ಈಚೆ ಎಳೆದು ಜೋಡಿಸುವುದು ಯಾರು? ಅದೂ ಅಲ್ಲದೆ ಈ ಗಾಳಿಗೆ ಗಿಡದ ಮೇಲೆ ನೀರು ನಿಲ್ಲುವುದಿಲ್ಲ. ಎಫ್ರೇನೇ ಹೇಳಿದ್ದನಲ್ಲ.

ಜನವರಿ ೨೦, ಬುಧವಾರ

ಹೊಗೆ ನಿಂತಿದೆ. ಬೀದಿಯ ಮನೆಗಳೆಲ್ಲ ಇವೆ.

ಬೆಳಿಗ್ಗೆ ಹೊಲಕ್ಕೆ ಹೋಗಲಿಲ್ಲ. ಹೋಗಿ ನೋಡುವುದೇನಿದೆ. ನೇರ ಜವುಗಿಗೆ ಹೋದೆ. ಗಾಳಿಗೆ ಹಾರಿದ ನೀರೆಲ್ಲ ಸುಟ್ಟ ಮನೆಯ ಮೇಲೆ ಬಿದ್ದು ಹೆಪ್ಪುಗಟ್ಟಿತ್ತು. ಕರಕಲು ಕಂಬ, ಮಂಚದ ಕಬ್ಬಿಣ, ಬಾಗಿದ ಒಲೆ, ಎಲ್ಲದರ ಮೇಲೆ ದಪ್ಪ ಗಾಜು. ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು.

ವೈನೆಟಾ ನನಗಿಂತ ಮೊದಲೇ ಬಂದು ನಿಂತಿದ್ದಳು. ಅಕ್ಕನ ಕೋಟು ಹಾಕಿಕೊಂಡಿದ್ದಳು, ತೋಳು ಗಿಡ್ಡ. ಆ ಕಡೆ ನನ್ನ ಹೊಲ ಕಾಣುತ್ತದೆ. ಅದನ್ನೂ ನೋಡಿರಬೇಕು, ಯಾಕೆಂದರೆ ಮಂಜುಗಡ್ಡೆಯಿಲ್ಲದ ಹೊಲ ದೂರಕ್ಕೂ ಗೊತ್ತಾಗುತ್ತದೆ.

"ಈಗ ಯಾಕೆ?" ಎಂದಳು. ಬೆಂಕಿ ಬಿದ್ದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು.

ಹೊಗೆ ಇತ್ತು, ಬೀದಿಯ ಮನೆಗಳಿದ್ದವು, ಪೈಪು ಅತ್ತಲೇ ಬಿದ್ದಿತ್ತು, ಎಲ್ಲ ಬಾಯಿಗೆ ಬಂತು. "ಅವತ್ತೇ ಮಾಡಬೇಕಿತ್ತು" ಎಂದೆ.

ಗಾಳಿ ಬೀಸುತ್ತಿತ್ತು. ನಾನು ಪೈಪಿನ ಹತ್ತಿರ ಹೋದೆ. ಪಂಪು ನಿಲ್ಲಿಸಿದ ಕೂಡಲೇ ಪೈಪು ಬಿಡಿಸಬೇಕು, ಇಲ್ಲದಿದ್ದರೆ ಒಳಗಿನ ನೀರು ಗಟ್ಟಿಯಾಗಿ ಸೀಳುತ್ತದೆ. ಒಬ್ಬನೇ ಎತ್ತಲು ನೋಡಿದೆ. ಆ ಉದ್ದದ ಪೈಪು ಒಬ್ಬನ ಕೈಯಲ್ಲಿ ಏಳುವುದಿಲ್ಲ, ಒಂದು ತುದಿ ಎತ್ತಿದರೆ ಇನ್ನೊಂದು ನೆಲ ಕಚ್ಚುತ್ತದೆ. ಎರಡು ಸಲ ಕೈ ಜಾರಿತು.

ಅವಳು ಬಂದು ಆ ತುದಿ ಹಿಡಿದಳು.

"ಕ್ಷಮಿಸಿದೀನಿ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ ಕಣಮ್ಮ. ಎತ್ತು."

ಎತ್ತಿದೆವು. ಪೈಪಿನಲ್ಲಿ ಉಳಿದಿದ್ದ ನೀರು ಅವಳ ಕಡೆಯಿಂದ ಬೂದಿಯ ಮೇಲೆ ಸುರಿಯಿತು. ಖಾಲಿಯಾಗುವ ತನಕ ಇಬ್ಬರೂ ಹಾಗೇ ಹಿಡಿದು ನಿಂತಿದ್ದೆವು.